ಕಡೀ ರೊಟ್ಟಿ ಮುರಿದ ಹೊತ್ತು

ಐದು ಜನ ಮಾತಾಡಿದರು. ಐದೂ ಜನ ಒಂದೇ ಮಾತು ಹೇಳಿದರು: "ಶಾಂತ ಸ್ವಭಾವದವರು." ಆಸ್ಪತ್ರೆಯ ಸಭಾಂಗಣದಲ್ಲಿ, ಹಾರ ಹಾಕಿದ ಫೋಟೋದ ಪಕ್ಕದಲ್ಲೇ ನಿಂತು, ಮೈಕು ಹಿಡಿದು, ಯಾವ ಅಳುಕೂ ಇಲ್ಲದೆ ಹೇಳಿದರು. ಮೂರನೆಯವರಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ "ಅವರು ದನಿ ಏರಿಸಿದ್ದನ್ನು ನಾವು ಯಾರೂ ಕೇಳಿದ್ದೇ ಇಲ್ಲ" ಎಂದಾಗ ನಾನು ಫೋಟೋದ ಕಡೆ ನೋಡಿದೆ. ಈಗ ಚೌಕಟ್ಟಿನ ಒಳಗಿಂದ ಒಂದು ಬೈಗುಳ ಬರಬೇಕಿತ್ತು. ಬರಲಿಲ್ಲ. ಮನುಷ್ಯ ನಿಜಕ್ಕೂ ಸತ್ತಿದ್ದಾರೆ ಎಂದು ನನಗೆ ಖಾತ್ರಿಯಾದದ್ದು ಆಗಲೇ.

ಶಾಂತ ಸ್ವಭಾವವಂತೆ! ನನ್ನ ಆಯುಷ್ಯದಲ್ಲಿ ಅಷ್ಟು ಸಿಟ್ಟಿನ ಮನುಷ್ಯನನ್ನು ನಾನು ನೋಡಿಲ್ಲ. ಇವತ್ತು ನನಗೂ ಸಿಟ್ಟು ಬಂದಿದೆ, ಮತ್ತು ಅದು ಅವರಿಂದಲೇ ಕಲಿತ ಸಿಟ್ಟು. ಹುಬ್ಬಳ್ಳಿಯ ವಿದ್ಯಾನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅವರು ತಲೆಯ ಸ್ಕ್ಯಾನ್ ತೆಗೆಯುವ ಟೆಕ್ನಿಶಿಯನ್ ಆಗಿದ್ದರು. ಝಾಡಮಾಲಿಯಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಅದೇ ಆಸ್ಪತ್ರೆಯಲ್ಲಿ ನಡೆದ ಒಂದು ಮೆದುಳಿನ ಸಂಶೋಧನೆಯಲ್ಲಿ ನಾನು ಕರಾರಿನ ಮೇಲೆ ಸಹಾಯಕಿಯಾಗಿದ್ದೆ. ಈಗ ಆಸ್ಪತ್ರೆಯವರು ಅವರ ನೆನಪಿಗೆ ಒಂದು ಸಂಚಿಕೆ ತರುತ್ತಿದ್ದಾರಂತೆ. "ನೀವೂ ಒಂದು ಪುಟಾ ಬರೀರಿ ಮೇಡಮ್ಮರ, ಛಲೋ ಛಲೋದ್ದಷ್ಟ ಬರೀರಿ" ಎಂದು ಫೋನು ಬಂತು. ಬರೆಯುತ್ತಿದ್ದೇನೆ. ಒಂದು ಪುಟದಲ್ಲಿ ಮುಗಿಯುವುದಿಲ್ಲ, ಛಲೋದ್ದಷ್ಟೇ ಇರುವುದೂ ಇಲ್ಲ. ಅವರ ಹೆಸರನ್ನೂ ಹಾಕುವುದಿಲ್ಲ. ಅವರ ಬೆವರಿನಿಂದ ಆದ ಆ ಸಂಶೋಧನಾ ಪ್ರಬಂಧದಲ್ಲಿ ಕೆಳಗಿನ ಸಣ್ಣ ಅಕ್ಷರದಲ್ಲೂ ಇಲ್ಲದ ಹೆಸರನ್ನು ಈ ಸಂಚಿಕೆಗೆ ಶೋಭೆ ತರಲು ನಾನೇಕೆ ಕೊಡಲಿ?

ಕಾಕಾ ಹುಟ್ಟಿದ್ದು ಮುಗದದಲ್ಲಿ, ಭತ್ತ ಬೆಳೆಯುವ ಮನೆಯಲ್ಲಿ. ಸಂಸಾರ ಧಾರವಾಡದಲ್ಲಿ. ದಿನಾ ಬಸ್ಸು ಹತ್ತಿ ಹುಬ್ಬಳ್ಳಿಗೆ ಬರುತ್ತಿದ್ದರು. ಕುಳ್ಳಗಿನ ಮನುಷ್ಯ, ದಪ್ಪ ಮೀಸೆ, ಬಲಗೈಯಲ್ಲಿ ಬಟ್ಟೆ ಸುತ್ತಿದ ಬುತ್ತಿ ಡಬ್ಬಿ. ಬಸ್ಸಿನಲ್ಲಿ ಕಂಡಕ್ಟರನ ಜೊತೆ ಶುರುವಾದ ಜಗಳ ಆಸ್ಪತ್ರೆಯ ಗೇಟಿನಲ್ಲಿ ವಾಚಮನ್ನನ ತಲೆ ಮೇಲೆ ಮುಗಿಯುತ್ತಿತ್ತು. ಒಳಗೆ ಬಂದ ಮೇಲೆ ಹೊಸದು ಶುರು. ಸ್ಕ್ಯಾನಿಗೆ ಕಳಿಸುವ ಚೀಟಿಯ ಮೇಲೆ ಯಾರೋ ಎಳೆಯ ಡಾಕ್ಟರು 'ರೋಗಿ ಸಹಕರಿಸುತ್ತಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ ಮುಗಿಯಿತು. ಆ ಚೀಟಿ ಹಿಡಿದುಕೊಂಡು ವಾರ್ಡಿನ ತನಕ ಹೋಗುತ್ತಿದ್ದರು.

"ಡಾಕ್ಟರ್ರ, ಅರ್ಧಾ ಮೈ ಸತ್ತೈತಿ ಅವಂದು. ಬಾಯಿ ಸೊಟ್ಟ ಆಗೈತಿ. ಹೆಂಡತಿ ಹೆಸರು ನೆನಪಿಲ್ಲ. ಅವಾ ನಿಮಗ ಹೆಂಗ್ ಸಹಕರಸಬೇಕು? ಎದ್ದು ನಮಸ್ಕಾರ ಮಾಡಬೇಕೇನು?"

ಹೀಗೆ ಬೈದು ಬಂದವರೇ ಸ್ಕ್ಯಾನಿನ ಕೋಣೆಯಲ್ಲಿ ಸೀಸದ ಏಪ್ರನ್ ಹಾಕಿಕೊಂಡು, ಆ ಅಲ್ಲಾಡುವ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. "ಅಲ್ಲಾಡಬ್ಯಾಡ್ರಿ ಅಜ್ಜಾ. ಮದವಿ ಫೋಟೋಕ್ಕ ಹೆಂಗ್ ನಿಂತಿದ್ರಿ, ಹಂಗ." ಆ ದನಿ ಬೇರೆ. ಅದನ್ನು ಕೇಳಿ ಯಾರಾದರೂ ಶಾಂತ ಸ್ವಭಾವ ಎಂದಿದ್ದರೆ ಒಪ್ಪುತ್ತಿದ್ದೆ. ಆದರೆ ವೇದಿಕೆ ಮೇಲಿದ್ದ ಐದೂ ಜನರಲ್ಲಿ ಒಬ್ಬರೂ ಆ ಕೋಣೆಯೊಳಗೆ ನಿಂತು ನೋಡಿದವರಲ್ಲ.

ಒಂದು ಸಂಗತಿಯನ್ನು ಹೇಳಲೇಬೇಕು. ತಲೆಯ ಸ್ಕ್ಯಾನಿಗೆ ಬಂದವರ ಕೊರಳು, ಕಿವಿಗಳಲ್ಲಿ ಲೋಹ ಇರಬಾರದು. ನಮ್ಮ ಕಡೆಯ ಎಷ್ಟೋ ಹಿರಿಯರು ಕೊರಳಿನ ಲಿಂಗವನ್ನು ಪ್ರಾಣ ಹೋದರೂ ಮೈಯಿಂದ ಬೇರೆ ಮಾಡುವವರಲ್ಲ. ಲಿಂಗವಿಡುವ ಬೆಳ್ಳಿಯ ಕರಡಿಗೆಗೆ ಕೈ ಹಾಕಿದರೆ, ಮಾತು ನಿಂತುಹೋದವರು ಕೂಡ ಗುರ್ರ್ ಎನ್ನುತ್ತಿದ್ದರು. ನರ್ಸಮ್ಮಗಳು ಎಳೆದಾಡುತ್ತಿದ್ದರು. ಕಾಕಾ ಅವರನ್ನು ಆಚೆ ಸರಿಸಿ, ದಾರವನ್ನು ಮೆಲ್ಲಗೆ ತಲೆಯಿಂದ ದಾಟಿಸಿ, ಕರಡಿಗೆಯನ್ನು ಆ ಮನುಷ್ಯನ ಅಂಗೈಯಲ್ಲೇ ಇಟ್ಟು ಬೆರಳು ಮಡಚುತ್ತಿದ್ದರು. "ಮೈ ಬಿಡಬಾರದು, ತಲಿ ಹತ್ರ ಇರಬಾರದು. ಅಷ್ಟ ಹೌದಲ್ರಿ? ಹಿಡೀರಿ ಗಟ್ಟಿ." ಒಂದು ಕೈ ಹಿಡಿಯುತ್ತಿತ್ತು. ಇನ್ನೊಂದು ಕೈಗೆ ಕೊಟ್ಟರೆ ಬೆರಳು ಬಿಚ್ಚಿಕೊಳ್ಳುತ್ತಿದ್ದವು. ಯಂತ್ರ ಶುರುವಾಗುವ ಮೊದಲೇ ಕಾಕಾಗೆ ಮೆದುಳಿನ ಯಾವ ಬದಿ ಕೆಟ್ಟಿದೆ ಎಂದು ಗೊತ್ತಾಗಿರುತ್ತಿತ್ತು. ಎಡಗೈ ಹಿಡಿಯದಿದ್ದರೆ ಬಲಬದಿ, ಬಲಗೈ ಹಿಡಿಯದಿದ್ದರೆ ಎಡಬದಿ.

ಯಾವ ಬದಿ ಎನ್ನುವುದು ಯಂತ್ರಕ್ಕೂ ಗೊತ್ತಾಗುತ್ತದೆ. ಯಂತ್ರಕ್ಕೆ ಗೊತ್ತಾಗದ್ದು ಯಾವಾಗ ಎನ್ನುವುದು. ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆದಾಗ ಇಡೀ ಆಟ ಅದರ ಮೇಲೆಯೇ ನಿಂತಿರುತ್ತದೆ. ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಸುಮಾರು ನಾಲ್ಕೂವರೆ ತಾಸಿನೊಳಗೆ ಕೊಟ್ಟರೆ, ಹೊತ್ತು ತಂದ ರೋಗಿಗಳು ನಡೆದು ಮನೆಗೆ ಹೋದದ್ದನ್ನು ನಾನೇ ಕಂಡಿದ್ದೇನೆ. ಹೊತ್ತು ಮೀರಿದ ಮೇಲೆ ಕೊಟ್ಟರೆ, ಅಷ್ಟರಲ್ಲಿ ಸತ್ತುಹೋದ ಜಾಗದಲ್ಲಿ ನಾಳ ಒಡೆದು ರಕ್ತ ತಲೆ ತುಂಬಬಹುದು. ಅದೇ ಔಷಧ, ಅದೇ ಸೂಜಿ. ಆದ್ದರಿಂದ ಡಾಕ್ಟರು ಮೊದಲು ಕೇಳುವುದು "ಎಷ್ಟು ಗಂಟೆಗೆ ಆಯಿತು?" ಎಂದು. ಮನೆಯವರು ಹೇಳುವುದು "ಈಗ ಆತ್ರಿ."

"ಈಗ!" ಎಂದು ಕಾಕಾ ಕೈ ಎತ್ತಿ ಕುಕ್ಕುತ್ತಿದ್ದರು. "ನಮ್ಮ ಮಂದೀ 'ಈಗ' ಅಂದ್ರ ಅಮಾಸಿಯಿಂದ ಹುಣ್ಣಿಮಿ ತನಕ ತಂಗಿ. ನಂಬಬ್ಯಾಡ."

ಜನ ಸುಳ್ಳುಗಾರರು ಎಂದಲ್ಲ. ಮೊದಲು ಊರಿನ ಯಾರದೋ ಮಾತು ಕೇಳಿ ಎಣ್ಣೆ ಹಚ್ಚಿರುತ್ತಾರೆ, ಪಾರಿವಾಳದ ರಕ್ತ ಸವರಿರುತ್ತಾರೆ, ಬೇರು ಅರೆದು ಕುಡಿಸಿರುತ್ತಾರೆ. ಅರ್ಧ ದಿನ ಹೋಗಿರುತ್ತದೆ. ದವಾಖಾನೆಗೆ ಬಂದ ಮೇಲೆ ಬೈಗುಳಕ್ಕೆ ಹೆದರಿ ಆ ಅರ್ಧ ದಿನವನ್ನು ನುಂಗಿಬಿಡುತ್ತಾರೆ. ಇನ್ನು ಕೆಲವರಿಗೆ ಖರೇನೇ ಗೊತ್ತಿರುವುದಿಲ್ಲ. ಮಲಗಿದಾಗ ನೆಟ್ಟಗಿದ್ದ ಮನುಷ್ಯ, ಎದ್ದಾಗ ಸೊಟ್ಟ. ಎದ್ದ ಹೊತ್ತನ್ನೇ ಆದ ಹೊತ್ತು ಎಂದು ಹೇಳುತ್ತಾರೆ.

ಅದಕ್ಕೇ ಕಾಕಾ ಗಂಟೆಯನ್ನು ಕೇಳುತ್ತಲೇ ಇರಲಿಲ್ಲ. ಅವರದು ಒಂದೇ ಪ್ರಶ್ನೆ: "ಇವರು ತಮ್ಮ ಕೈಲೆ ಕಡೀ ರೊಟ್ಟಿ ಮುರದದ್ದು ಯಾವಾಗ?"

ಗಂಟೆ ಕೇಳಿದರೆ ತಡವರಿಸುವ ಹೆಣ್ಣುಮಕ್ಕಳು ಈ ಕೊನೆಯ ರೊಟ್ಟಿಯ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುತ್ತಿದ್ದರು. ಯಾರು ಬಡಿಸಿದರು, ಏನು ಪಲ್ಯ, ಎಷ್ಟು ರೊಟ್ಟಿ, ಒಂದೂ ಮರೆತಿರುತ್ತಿರಲಿಲ್ಲ. ರೊಟ್ಟಿ ಮುರಿಯಲು ಬೆರಳಿಗೆ ಬಲ ಬೇಕು, ತುತ್ತು ಬಾಯಿಗೆ ಹೋಗಲು ಕೈ ನೆಟ್ಟಗಿರಬೇಕು, ನುಂಗಲು ಗಂಟಲು ಸರಿ ಇರಬೇಕು. ಮೂರೂ ಸರಿ ಇತ್ತೆಂದರೆ ಆ ಹೊತ್ತಿನ ತನಕ ಮನುಷ್ಯ ನೆಟ್ಟಗಿದ್ದ ಎಂದರ್ಥ. ಕಾಕಾರ ಹತ್ತಿರ ಉದ್ದದ ಒಂದು ವಹಿ ಇತ್ತು. ಅದರಲ್ಲಿ ರೋಗಿಯ ಹೆಸರಿಲ್ಲ. ಸ್ಕ್ಯಾನಿನ ನಂಬರು, ಅದರ ಮುಂದೆ 'ರೊಟ್ಟಿ' ಎಂಬ ಕಾಲಮ್ಮು. 'ನಿನ್ನೆ ರಾತ್ರಿ, ಬದನೀಕಾಯಿ, ಒಂದೂವರೆ.' 'ಇಂದು ಮುಂಜಾನೆ, ಮೊಸರು, ಒಂದು.' ಗೊತ್ತಾಗದಿದ್ದರೆ 'ತಿಳಿಯದು' ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದರು.

ಈ ಪ್ರಶ್ನೆ ಎಲ್ಲಿಂದ ಬಂತೆಂದು ಒಂದು ದಿನ ಊಟಕ್ಕೆ ಕೂತಾಗ ಕೇಳಿದೆ. ಕಾಕಾ ಕಡಕ್ ರೊಟ್ಟಿಯನ್ನು ಅಂಗೈಯಲ್ಲಿಟ್ಟು ಲಟಕ್ಕನೆ ಮುರಿದು ಅರ್ಧ ನನಗೆ ಕೊಟ್ಟರು.

"ನಮ್ಮವ್ವಗ ಲಕ್ವಾ ಹೊಡದಾಗ ನಾ ಹೊಸದಾಗಿ ಈ ಕೆಲಸಕ್ಕ ಸೇರಿದ್ದೆ. ಡಾಕ್ಟರಿಗೆ ಮುಂಜಾನೆ ಆತ್ರಿ ಅಂದೆ. ಎದ್ದಾಗ ನೋಡಿದ್ನಲ್ಲ. ಆಮ್ಯಾಲ ನೆನಪಾತು. ಹಿಂದಿನ ದಿನಾ ರಾತ್ರಿ ಉಣ್ಣೂಮುಂದ ಅವ್ವ, 'ಯಾಕವಾ ಇಷ್ಟ್ ಗಟ್ಟಿ ಮಾಡೀದಿ ರೊಟ್ಟಿ' ಅಂತ ಸೊಸಿಗೆ ಕೇಳಿದ್ಲು. ನಾ ತಾಟು ಸರಿಸಿ ಹೆಂಡತಿಗೆ ಬಾಯಿಗೆ ಬಂದಂಗ ಬೈದೆ. ಆಕಿ ಅಳಕೋತ ಹಾಲಾಗ ರೊಟ್ಟಿ ನೆನಸಿಕೊಟ್ಲು." ಸ್ವಲ್ಪ ಹೊತ್ತು ಅಗಿದರು. "ರೊಟ್ಟಿ ಗಟ್ಟಿ ಇರಲಿಲ್ಲ ತಂಗಿ. ಅವ್ವನ ಕೈ ಹೋಗಿತ್ತು."

ಆಮೇಲೆ ಡಬ್ಬಿ ಮುಚ್ಚಿ, ನನಗೂ ಬೈದರು. ಬರೀ ಕೇಳುತ್ತಾ ಕೂತಿದ್ದೀ, ರೊಟ್ಟಿ ತಿನ್ನುವವರು ಯಾರು ಎಂದು.

ಒಂದು ದಿನ ಮಧ್ಯಾಹ್ನ ಹತ್ತಿ ವ್ಯಾಪಾರದ ಸಾಹುಕಾರರೊಬ್ಬರನ್ನು ದೊಡ್ಡ ಕಾರಿನಲ್ಲಿ ತಂದರು. ಮಗ ಓದಿದವನು, ಗಟ್ಟಿಗ. ಕೈಗಡಿಯಾರ ನೋಡಿಕೊಂಡೇ ಹೇಳಿದ: "ಹನ್ನೊಂದೂ ಇಪ್ಪತ್ತಕ್ಕ ಆತು. ನನ್ನ ಕಣ್ಣ ಮುಂದ." ಹೀಗೆ ಕರಾರುವಾಕ್ಕಾಗಿ ಹೇಳಿದರೆ ಯಾರು ನಂಬುವುದಿಲ್ಲ? ಇಂಜೆಕ್ಷನ್ ತಯಾರಾಯಿತು. ಸ್ಕ್ಯಾನ್ ಮುಗಿಸಿ ಸಾಹುಕಾರರನ್ನು ಇಳಿಸುವಾಗ ಕಾಕಾ ಅವರ ತೋಳು ಮೂಸಿದರು. ಅಂಗಿಯ ಕಾಲರಿನ ಒಳಗಿಂದ ಒಂದು ಸಣ್ಣ ಬೂದು ಗರಿ ಹೊರಗೆ ತೆಗೆದರು. ಮಗನ ಕಡೆ ನೋಡಲಿಲ್ಲ. ಬಾಗಿಲ ಬಳಿ ಸೆರಗು ಕಚ್ಚಿಕೊಂಡು ನಿಂತಿದ್ದ ಸಾಹುಕಾರರ ಹೆಂಡತಿಯ ಹತ್ತಿರ ಹೋದರು.

"ಅವ್ವಾರ, ಕಡೀ ರೊಟ್ಟಿ ಯಾವಾಗ ಮುರಿದ್ರು?"

ಆಕೆ ಮಗನ ಮುಖ ನೋಡಿದರು, ನೆಲ ನೋಡಿದರು. "ನಿನ್ನಿ ಮಧ್ಯಾಹ್ನರಿ. ಹೆಸರಕಾಳ ಪಲ್ಯ ಮಾಡಿದ್ದೆ. ರಾತ್ರಿ ಉಣಲಿಲ್ಲ. ಕೈ ಜೋಮು ಹಿಡದೈತಿ ಅಂದ್ರು."

ಅಷ್ಟರಲ್ಲಿ ಎಳೆಯ ಡಾಕ್ಟರು ಸಿರಿಂಜು ಹಿಡಿದು ಬಂದಿದ್ದರು. ಕಾಕಾ ಸ್ಟ್ರೆಚರಿಗೆ ಅಡ್ಡ ನಿಂತರು. "ಕೊಡಾಕ ಬರಂಗಿಲ್ಲ." "ಸರೀರಿ ಕಾಕಾ, ಟೈಮ್ ಆಗ್ತೈತಿ." "ಟೈಮ್ ನಿನ್ನೀನ ಆಗಿಹೋಗೈತ್ರಿ! ಬಂದು ಪರದೆ ಮ್ಯಾಲ ನೋಡ್ರಿ, ಸತ್ತ ಜಾಗಾ ಕಪ್ಪ ಆಗೈತಿ. ಕೊಟ್ರ ತಲ್ಯಾಗ ರಕ್ತ ಒಡೀತೈತಿ. ಕೊಡೂದಾದ್ರ ಮೊದಲ ನನಗ ಚುಚ್ಚಿ ಮುಂದ ಹೋಗ್ರಿ!" ಇಡೀ ಮಹಡಿಗೆ ಕೇಳಿಸಿತು. ದೊಡ್ಡ ಡಾಕ್ಟರು ಓಡಿ ಬಂದು ಚಿತ್ರ ನೋಡಿದರು. ಇಂಜೆಕ್ಷನ್ ವಾಪಸು ಹೋಯಿತು. ಸಾಹುಕಾರರ ಕೈ ಬರಲಿಲ್ಲ, ಆದರೆ ಜೀವ ಉಳಿಯಿತು. "ದನಿ ಏರಿಸಿದ್ದನ್ನು ಕೇಳಿದ್ದೇ ಇಲ್ಲ" ಎಂದ ಮೂರನೆಯ ಭಾಷಣಕಾರರೇ ಅಂದಿನ ಆ ಎಳೆಯ ಡಾಕ್ಟರು. ಈಗ ಬೊಜ್ಜು ಬಂದಿದೆ, ಕಿವಿಯೂ ಮಂದವಾಗಿರಬೇಕು.

ಇನ್ನು ಸಂಶೋಧನೆಯ ಮಾತಿಗೆ ಬರುತ್ತೇನೆ. ಅದನ್ನು ನಡೆಸುತ್ತಿದ್ದ ನಮ್ಮ ಪ್ರಾಧ್ಯಾಪಕರ ಆಸೆ ಕೆಟ್ಟದ್ದೇನಲ್ಲ. ಸ್ಕ್ಯಾನಿನ ಚಿತ್ರ ನೋಡಿಯೇ, ಲಕ್ವಾ ಹೊಡೆದು ಎಷ್ಟು ತಾಸಾಗಿದೆ ಎಂದು ಹೇಳುವ ಒಂದು ಕಂಪ್ಯೂಟರ್ ಪ್ರೋಗ್ರಾಮು ಮಾಡಬೇಕೆಂದಿದ್ದರು. ತಜ್ಞರಿಲ್ಲದ ಸಣ್ಣ ಊರಿನ ದವಾಖಾನೆಗಳಿಗೆ ಅದು ವರವೇ. ಅದಕ್ಕೆ ನೂರಾರು ಚಿತ್ರ ತೋರಿಸಿ, ಪ್ರತಿಯೊಂದಕ್ಕೂ 'ಇದು ಇಷ್ಟು ತಾಸಿನದು' ಎಂದು ಹೇಳಿಕೊಡಬೇಕು. ಚಿತ್ರ ಕಾಕಾ ತೆಗೆದದ್ದು. ಹೊತ್ತು ಕಾಕಾ ಕೇಳಿದ್ದು. ಅವರ ವಹಿ ನೋಡಿ ಹಾಳೆ ತುಂಬಿಸುವುದು ನನ್ನ ಕೆಲಸ.

ಮೂವತ್ತೊಂದು ಹಾಳೆಯಲ್ಲಿ 'ತಿಳಿಯದು' ಎಂದಿತ್ತು. ಪ್ರಾಧ್ಯಾಪಕರು ನನ್ನನ್ನು ಕರೆದರು. "ಇಷ್ಟು ಛಲೋ ಚಿತ್ರ, ಹೊತ್ತಿಲ್ಲ ಅಂತ ಬಿಡಾಕಾಗ್ತೈತೇನು? ಎದ್ದಾಗ ನೋಡಿದಾರಲ್ಲ? ಎದ್ದ ಹೊತ್ತ ಹಾಕು." ಅವರು ಇನ್ನೊಂದು ಫೈಲು ತೆರೆಯುತ್ತಾ, "ನಿನ್ನ ಕರಾರು ಮುಂದಿನ ತಿಂಗಳ ಮುಗೀತೈತಲ್ಲ?" ಎಂದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದರು. ಬೆದರಿಕೆ ಎನ್ನಲು ಒಂದು ಶಬ್ದವೂ ಸಿಗುವುದಿಲ್ಲ.

ಹಾಕಿದೆ. ಬಿಳಿ ಬಣ್ಣ ಹಚ್ಚಿ, ಒಣಗಿದ ಮೇಲೆ ಬೆಳಗಿನ ಆರು, ಬೆಳಗಿನ ಆರೂವರೆ, ಬೆಳಗಿನ ಐದು ಎಂದು ಮೂವತ್ತೊಂದು ಸಲ ಬರೆದೆ. ಅಕ್ಷರ ಚೆನ್ನಾಗಿಯೇ ಬಂದವು.

ಚಿತ್ರದ ನಂಬರು ತಾಳೆ ನೋಡಲು ಆ ಹಾಳೆಗಳು ಒಂದು ದಿನ ಕಾಕಾರ ಟೇಬಲ್ಲಿಗೆ ಹೋದವು. ಅವರು ಎಕ್ಸ್‌ರೇ ಫಿಲ್ಮು ನೋಡುವ ಹಳೆಯ ಬೆಳಕಿನ ಪೆಟ್ಟಿಗೆ ಇನ್ನೂ ಇಟ್ಟುಕೊಂಡಿದ್ದರು. ಬಿಳಿ ಬಣ್ಣದ ಉಬ್ಬು ಬೆರಳಿಗೆ ಸಿಕ್ಕಿರಬೇಕು. ನಾನು ಒಳಗೆ ಹೋದಾಗ ಹಾಳೆಯೊಂದು ಆ ಪೆಟ್ಟಿಗೆಯ ಮೇಲಿತ್ತು. ಬೆಳಕು ಹಿಂದಿನಿಂದ ಬಂದು, 'ಬೆಳಗಿನ ಆರು' ಎಂಬುದರ ಅಡಿಯಲ್ಲಿ ನನ್ನದೇ ಕೈಬರಹದ 'ತಿಳಿಯದು' ಕಾಣುತ್ತಿತ್ತು.

ನಾನು ಬೈಗುಳಕ್ಕೆ ಕಾದು ನಿಂತೆ. ಅಂದು ಬೈದದ್ದು ಮೆಲ್ಲಗೆ. ಅದೇ ಹೆಚ್ಚು ಉರಿಯಿತು.

"ಮನಷಾ ಸುಳ್ಳು ಹೇಳಿದ್ರ ಮಾರಿ ನೋಡಿ ತಿಳಕೋಬಹುದು ತಂಗಿ. ಯಂತ್ರಕ್ಕ ಮಾರೀನ ಇಲ್ಲ. ನೀ ಕಲಿಸಿದ ಸುಳ್ಳ ಅದು ಖರೇ ಅಂತ ಹೇಳಕೋತ ಹೋಗ್ತೈತಿ. ರಾತ್ರಿ ಹತ್ತಕ್ಕ ಸತ್ತ ಮಿದುಳು ನೋಡಿ, ಇದು ಮುಂಜಾನೀದು, ಇನ್ನೂ ಹೊತ್ತೈತಿ, ಸೂಜಿ ಚುಚ್ಚು ಅಂತೈತಿ. ಯಾವ ಊರಾಗ, ಯಾರ ಅವ್ವಗ, ನಿನಗ ಗೊತ್ತಾಗ್ತೈತೇನು?"

"ಕಾಕಾ, ನನ್ನ ಕರಾರು..." ಎಂದೆ.

"ಗೊತ್ತೈತಿ" ಎಂದರು. ಪೆಟ್ಟಿಗೆಯ ದೀಪ ಆರಿಸಿದರು.

ನಾನು ತಿದ್ದಲಿಲ್ಲ. ವಾರ ಕಾದು ಕಾಕಾ ತಾವೇ ಆಸ್ಪತ್ರೆಯ ಮೇಲಿನವರಿಗೆ ಅರ್ಜಿ ಕೊಟ್ಟರು. ಅವರು ಒಂದು ಸಭೆ ಕರೆದರು. ಉದ್ದ ಟೇಬಲ್ಲು, ಚಹಾ, ಬಿಸ್ಕೀಟು. ಕಾಕಾ ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ವಹಿಯನ್ನು ಟೇಬಲ್ಲಿನ ಮೇಲಿಟ್ಟರು. ಹಾಳೆ ತರಿಸಿರಿ, ಬೆಳಕಿಗೆ ಹಿಡಿದು ತೋರಿಸುತ್ತೇನೆ ಎಂದರು. ಹಾಳೆಗಳೆಲ್ಲ ಕಂಪ್ಯೂಟರಿಗೆ ಏರಿದ ಮೇಲೆ ವಿಲೇವಾರಿ ಆಗಿವೆ ಎಂಬ ಉತ್ತರ ಬಂತು. ಒಂದೇ ವಾರದಲ್ಲಿ! ಆ ಆಸ್ಪತ್ರೆಯಲ್ಲಿ ಮುರಿದ ಕುರ್ಚಿಯೊಂದನ್ನು ವಿಲೇವಾರಿ ಮಾಡಲು ಮೂರು ವರ್ಷ ಬೇಕಾಗಿತ್ತು.

ಪ್ರಾಧ್ಯಾಪಕರು ವಹಿಯನ್ನು ಬೆರಳ ತುದಿಯಿಂದ ಹಿಂದಕ್ಕೆ ಸರಿಸಿದರು. "ನಿಮ್ಮ ಹಿರೇತನಕ್ಕ ಮರ್ಯಾದಿ ಕೊಡ್ತೇನಿ. ಆದ್ರ ಇದು ದವಾಖಾನಿ ದಾಖಲೆ ಅಲ್ಲ, ನಿಮ್ಮ ಖಾಸಗಿ ವಹಿ. ರೊಟ್ಟಿ, ಬದನೀಕಾಯಿ ಅಂತ ಬರದ್ರ ವಿಜ್ಞಾನ ಆಗಂಗಿಲ್ಲ. ನಿಮ್ಮ ಕೆಲಸ ಫೋಟೋ ತೆಗಿಯೂದು."

ಫೋಟೋ ಎಂಬ ಆ ಮಾತಿಗೆ ಕಾಕಾ ಹಿಂದೆ ಒಬ್ಬ ಡಾಕ್ಟರರನ್ನು ಹಗಲೆಲ್ಲ ಬೈದಿದ್ದರು. ಅಂದು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನನ್ನ ಕಡೆ ತಿರುಗಿದರು.

"ತಂಗೀ, 'ತಿಳಿಯದು' ಅಂತ ಮೊದಲ ಬರದಾಕಿ ನೀನ. ಆಮ್ಯಾಲ ಅಳಿಸಿದಾಕಿನೂ ನೀನ. ಹೇಳು, ನೆನಪೈತೋ ಇಲ್ಲೋ?"

ಎಲ್ಲರೂ ನನ್ನನ್ನೇ ನೋಡಿದರು. ಪ್ರಾಧ್ಯಾಪಕರು ಮಾತ್ರ ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತಿದ್ದರು.

"ನೆನಪಿಲ್ರಿ" ಎಂದೆ.

ನನ್ನ ಕರಾರು ಮುಂದುವರಿಯಿತು. ಕಾಕಾರನ್ನು ತಳಮಹಡಿಯ ಹಳೆಯ ಎಕ್ಸ್‌ರೇ ಕೋಣೆಗೆ ಹಾಕಿದರು. ಮುರಿದ ಕಾಲು, ಕೆಮ್ಮಿನ ಎದೆ. ಅಲ್ಲಿ ಯಾರನ್ನೂ ರೊಟ್ಟಿ ಯಾವಾಗ ಮುರಿದಿರಿ ಎಂದು ಕೇಳುವ ಪ್ರಸಂಗವಿಲ್ಲ. ನಾನು ಹದಿನೈದು ದಿನ ಆ ಕಡೆ ಸುಳಿಯಲಿಲ್ಲ. ಕಡೆಗೆ ಒಂದು ಮಧ್ಯಾಹ್ನ ಹೋಗಿ ಬಾಗಿಲಲ್ಲಿ ನಿಂತೆ. ಡಬ್ಬಿ ಬಿಚ್ಚಿ ಕೂತಿದ್ದರು. ತಲೆ ಎತ್ತಿ ನೋಡಿದರು. ರೊಟ್ಟಿ ಮುರಿದು ಅರ್ಧ ಚಾಚಿದರು.

"ತಿನ್ನು. ಸುಳ್ಳು ಹೇಳಿದ್ರೂ ಹಸಿವು ಆಗ್ತೈತಿ."

ತಿಂದೆ. ರೊಟ್ಟಿಗೆ ಹಚ್ಚಿದ ಶೇಂಗಾ ಹಿಂಡಿಯ ಚಟ್ನಿಪುಡಿ ಗಂಟಲಿಗೆ ಹತ್ತಿತು, ಕೆಮ್ಮು ಬಂತು. ನೀರು ಕೊಟ್ಟು, ಒಂದು ತುತ್ತು ನೆಟ್ಟಗೆ ನುಂಗಲೂ ಬರುವುದಿಲ್ಲ ನಿನಗೆ ಎಂದು ಬೈದರು. ಆ ಸಭೆಯ ಮಾತನ್ನು ಅವರು ಆಮೇಲೆ ಎಂದೂ ಎತ್ತಲಿಲ್ಲ. ಎತ್ತಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅಷ್ಟು ಸಲೀಸಾಗಿ ನನ್ನನ್ನು ಬಿಡುವ ಮನುಷ್ಯ ಅವರಲ್ಲ.

ಪ್ರಬಂಧ ಹೊರಗೆ ಬಂತು. ನನ್ನ ಹೆಸರು ಆರನೆಯದು. ಅದರೊಳಗೆ ಒಂದು ಸಾಲು ಇಂಗ್ಲಿಷಿನಲ್ಲಿದೆ: ಗಡಿಯಾರದ ವೇಳೆ ತಿಳಿಯದ ಕುಟುಂಬಗಳಿಗಾಗಿ, ರೋಗಿ ತನ್ನ ಕೈಯಿಂದ ಕೊನೆಯ ಊಟ ಮಾಡಿದ್ದು ಯಾವಾಗ ಎಂಬ ಪ್ರಶ್ನೆಯನ್ನು ನಮ್ಮ ತಂಡ ರೂಪಿಸಿತು. ನಮ್ಮ ತಂಡವಂತೆ! ಥೂ. ಮುಗದದ ಒಬ್ಬ ತಾಯಿ ಮುರಿಯಲಾಗದೆ ತಾಟಿನಲ್ಲಿ ಬಿಟ್ಟ ರೊಟ್ಟಿ ಅದು. ಅವರಿಗೆ ಪ್ರಶ್ನೆ ಬೇಕಾಯಿತು, ಉತ್ತರ ಬೇಡವಾಯಿತು.

ಪ್ರೋಗ್ರಾಮು ಈಗ ಕೆಲವು ಸಣ್ಣ ದವಾಖಾನೆಗಳಲ್ಲಿ ಓಡುತ್ತಿದೆ. ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಸ್ಕ್ಯಾನ್ ತೆಗೆಯುವುದನ್ನು ಕಲಿಸುತ್ತೇನೆ. ಇತ್ತೀಚೆಗೆ ಆ ಪ್ರೋಗ್ರಾಮಿನವರು ಅದನ್ನು ತೋರಿಸಲು ನಮ್ಮಲ್ಲಿಗೂ ಬಂದಿದ್ದರು. ಪರದೆಯ ಮೇಲೆ ಒಂದು ಚಿತ್ರ ಹಾಕಿದರು. ಬಲಬದಿಯಲ್ಲಿ ಕಪ್ಪು ಚೆನ್ನಾಗಿಯೇ ಹರಡಿತ್ತು. ಎಷ್ಟೋ ತಾಸಿನ ಹಳೆಯದು ಎಂದು ನನ್ನ ಎರಡನೇ ವರ್ಷದ ವಿದ್ಯಾರ್ಥಿಗಳು ಕೂಡ ಹೇಳುತ್ತಾರೆ. ಮೂಲೆಯಲ್ಲಿ ಹಸಿರು ದೀಪ ಹತ್ತಿತು: ಇನ್ನೂ ಸಮಯವಿದೆ. ತೋರಿಸಲು ಬಂದವನು ನಗುನಗುತ್ತಾ ಮುಂದಿನ ಚಿತ್ರಕ್ಕೆ ಹೋದ. ಅದು ನಾನು ಬರೆದ ಬೆಳಗಿನ ಆರು ಗಂಟೆ. ಯಾವ ಊರಲ್ಲಿ ಯಾರಿಗೆ ಏನಾಗಿದೆಯೋ ನನಗೆ ಗೊತ್ತಿಲ್ಲ. ಕಾಕಾ ಹೇಳಿದ್ದೂ ಅದನ್ನೇ. ಮರುದಿನವೇ ಅವರ ಹತ್ತಿರ ಹೋಗಬೇಕೆಂದುಕೊಂಡೆ. ನಾಳೆ, ನಾಡಿದ್ದು ಎಂದು ವಾರ ಕಳೆದೆ. ಅಷ್ಟರಲ್ಲಿ ಎದೆನೋವಿನಿಂದ ಹೋಗಿಬಿಟ್ಟರು ಎಂದು ಸುದ್ದಿ ಬಂತು.

ಶ್ರದ್ಧಾಂಜಲಿ ಸಭೆ ಮುಗಿದ ಮೇಲೆ ಕಾಕಾರ ಹೆಂಡತಿ ಮೆಟ್ಟಿಲ ಬಳಿ ನಿಂತಿದ್ದರು. ನಾನು ಹೋಗಿ ಕೈ ಹಿಡಿದೆ.

"ಅಲ್ರೀ" ಎಂದರು, "ಒಬ್ರಾದ್ರೂ ಇವರು ಸಿಟ್ಟಿನ ಮನಷಾ ಇದ್ರು ಅಂತ ಹೇಳಲಿಲ್ಲಲ್ಲ! ಕೂತು ಕೇಳಿ ಕೇಳಿ, ಇಷ್ಟು ದಿನಾ ನಾ ಯಾರ ಜೋಡಿ ಸಂಸಾರಾ ಮಾಡಿದ್ನಪಾ ಅಂತ ನನಗ ಅನುಮಾನ ಬಂತು."

ನನಗೆ ನಗುವೂ ಬಂತು, ಅಳುವೂ ಬಂತು. ಐದು ಜನರ ಸುಳ್ಳು ಕೇಳಿ ಮೈ ಉರಿಯುತ್ತಾ ಕೂತಿದ್ದ ನಾನೂ ಎದ್ದು ನಿಂತು ಒಂದು ಮಾತು ಹೇಳಿರಲಿಲ್ಲ. ಅವರಿಗೂ ನನಗೂ ಏನು ಫರಕು?

ಮರುದಿನ ಅವರ ಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದರು. ಕಾಕಾರ ಉದ್ದನೆಯ ವಹಿ ಇದೆಯೇ ಎಂದು ಕೇಳಿದೆ. ಹಿಟ್ಟಿನ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಅವರಿಗೆ ಎಲ್ಲ ಗೊತ್ತಿತ್ತು.

"ಐತಿ. ಕೊಡ್ತೇನಿ. ಆದ್ರ ಒಯ್ದು ಕಪಾಟಿನ್ಯಾಗ ಇಡೂದಿದ್ರ ಬ್ಯಾಡ. ಕಪಾಟು ನಮ್ಮನ್ಯಾಗೂ ಐತಿ."

"ಇಡಂಗಿಲ್ರಿ" ಎಂದೆ.

ವಹಿ ತಂದು ಕೊಟ್ಟರು. ಹಂಚಿನ ಮೇಲಿನ ರೊಟ್ಟಿಯನ್ನು ತಾಟಿಗೆ ಹಾಕಿ ಮುಂದಿಟ್ಟರು. "ನಮ್ಮತ್ತಿ ಆ ದಿನಾ ಗಟ್ಟಿ ಆಗೈತಿ ಅಂದ ರೊಟ್ಟಿ ಸಲುವಾಗಿ ಇವರು ಕಡೀತನಕ ನನ್ನ ಮುಂದ ತಪ್ಪಾತು ಅಂತಿದ್ರು. ಬೈಯೂದೂ ಬಿಡಲಿಲ್ಲ, ತಪ್ಪಾತು ಅನ್ನೂದೂ ಬಿಡಲಿಲ್ಲ. ತಿನ್ರಿ, ಆರತೈತಿ."

ಮೂವತ್ತೊಂದು ನಂಬರುಗಳನ್ನೂ ವಹಿಯಿಂದ ತೆಗೆದು ಬರೆದಿದ್ದೇನೆ. ಪ್ರತಿಯೊಂದರ ಮುಂದೆ ಕಾಕಾ ಬರೆದದ್ದು ಏನು, ನಾನು ಅಳಿಸಿ ಬರೆದದ್ದು ಏನು, ಯಾರು ಹೇಳಿ ಬರೆಸಿದರು ಎಂದು ಹಾಕಿ, ಕೆಳಗೆ ನನ್ನ ಪೂರ್ತಿ ಹೆಸರಿನ ಸಹಿ ಮಾಡಿ, ಪ್ರಬಂಧ ಅಚ್ಚು ಹಾಕಿದ ಪತ್ರಿಕೆಗೂ ಆಸ್ಪತ್ರೆಗೂ ಆ ಪ್ರೋಗ್ರಾಮು ಹಾಕಿಕೊಂಡ ದವಾಖಾನೆಗಳಿಗೂ ನಿನ್ನೆ ಕಳಿಸಿದೆ. ನನ್ನ ಕೆಲಸ ಹೋಗಬಹುದು. ಹೋಗಲಿ. ಈ ಬರಹವನ್ನು ಸಂಚಿಕೆಯವರು ಹಾಕುವುದಿಲ್ಲ ಎಂದೂ ಗೊತ್ತು. ಹಾಕದಿದ್ದರೆ ಬಾಯಿಯಿಂದಲೇ ಹೇಳುತ್ತೇನೆ, ಕಾಕಾರ ದನಿಯಲ್ಲಿ, ಇಡೀ ಮಹಡಿ ಕೇಳುವ ಹಾಗೆ.

ಕಾಕಾ, ಅವತ್ತು ಅಷ್ಟು ಜನರ ಮುಂದೆ ನೀವು ನನ್ನನ್ನು ಕೇಳಿದ್ದು ಒಂದೇ ಮಾತು. ತಡವಾಗಿದೆ, ಹೊತ್ತು ಮೀರಿದೆ, ಬೈಯಲು ನೀವೂ ಇಲ್ಲ. ಆದರೂ ಹೇಳುತ್ತೇನೆ.

ನೆನಪೈತ್ರಿ. ಎಲ್ಲಾ ನೆನಪೈತಿ.